ಅಟ್ಟದ ಮೇಲಿನ ಸೇರು, ಪಡಸಾಲೆಯ ಮಂಚ

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಊರುಗಳಲ್ಲಿ ಹಳೆಯ ಮನೆಯೊಂದನ್ನು ಕೆಡವಬೇಕಾದಾಗ ಮೊದಲು ಬರುವವನು ಗಾರೆ ಕೆಲಸದವನಲ್ಲ, ಗುಜರಿಯವನು. ಅವನು ತಕ್ಕಡಿ ಹಿಡಿದೇ ಬರುತ್ತಾನೆ. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಕಂಚಿನ ತಣಿಗೆ ಎಲ್ಲವೂ ಅವನ ಪಾಲಿಗೆ ಕಿಲೋ ಲೆಕ್ಕ. ತೊಟ್ಟಿಯ ಕಂಬ, ಬಾಗಿಲವಾಡ, ತೊಲೆಗಳು ಅಡಿ ಲೆಕ್ಕ. ಅಟ್ಟದ ಮೇಲೆ ಧೂಳು ಹಿಡಿದಿದ್ದ ಮಣೆ, ಪೆಟ್ಟಿಗೆ, ಕಾಲು ಮುರಿದ ಕುರ್ಚಿಗಳಿಗೆ ಲೆಕ್ಕವೇ ಇಲ್ಲ; ಅವು ಹಾಗೆಯೇ ಗಾಡಿ ಏರುತ್ತವೆ. ಕೆಲವು ತಿಂಗಳು ಕಳೆದ ಮೇಲೆ ಅದೇ ಕಂಬ ಬೆಂಗಳೂರಿನ ಯಾವುದೋ ಹೋಟೆಲಿನ ಮುಂದೆ ಅತಿಥಿಗಳನ್ನು ಸ್ವಾಗತಿಸುತ್ತಿರುತ್ತದೆ. ಅದೇ ಹಂಡೆ ಎಂಟನೇ ಮಹಡಿಯ ಫ್ಲಾಟೊಂದರಲ್ಲಿ ಗಿಡದ ಕುಂಡವಾಗಿರುತ್ತದೆ. ಮಾರಿದ ಬೆಲೆಗೂ ಕೊಂಡ ಬೆಲೆಗೂ ನಡುವಿನ ಅಂತರವನ್ನು ಕೇಳಿದರೆ, ಹಂಡೆಯಲ್ಲಿ ನೀರು ಕಾಯಿಸಿದ ಅಜ್ಜಿ ನಂಬಲಾರಳು.

ಇತ್ತ, ಹಂಡೆ ಮಾರಿದ ಮನೆಯವರು ಅಲ್ಲೇ ತಾರಸಿ ಮನೆ ಕಟ್ಟಿ, ಕಂತಿನ ಮೇಲೆ ಸೋಫಾ ತಂದು ಹಾಕಿಸುತ್ತಾರೆ. ಐದಾರು ವರ್ಷದಲ್ಲಿ ಅದರ ಬಟ್ಟೆ ಹರಿದು, ಒಳಗಿನ ಸ್ಪಂಜು ಕುಸಿದು, ಅದೂ ಗುಜರಿಯ ದಾರಿ ಹಿಡಿಯುತ್ತದೆ. ಈ ಬಾರಿ ಗುಜರಿಯವನು ಕಾಸು ಕೊಡುವುದಿಲ್ಲ. ಸಾಗಿಸುವ ಕೂಲಿಯನ್ನು ಅವನೇ ಕೇಳುತ್ತಾನೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ವ್ಯವಹಾರ ವೇಗ ಪಡೆದದ್ದು ಕಳೆದ ಎರಡು ದಶಕಗಳಲ್ಲಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. ಅದರ ಹಿಂದೆ ಮುಂದೆ ರಾಗಿ ಹೊಲಗಳಿಗೆ, ದ್ರಾಕ್ಷಿ ತೋಟಗಳಿಗೆ ನಿವೇಶನದ ಬೆಲೆ ಬಂತು. ಕೈಯಲ್ಲಿ ಹಣ ಬಂದಾಗ ಸೋರುವ ಮನೆಯನ್ನು ಬಿಟ್ಟು ಗಟ್ಟಿಯಾದ ಮನೆ ಕಟ್ಟಿಕೊಳ್ಳುವುದು ತಪ್ಪೇನಲ್ಲ. ಆದರೆ ಮನೆಯನ್ನು ಬದಲಿಸುವುದು ಬೇರೆ, ಮನೆಯ ಒಳಗನ್ನೆಲ್ಲ ಒಂದೇ ದಿನ ಎಸೆಯುವುದು ಬೇರೆ. ಮನೆಯ ಒಳಗು ಯಾವುದರಿಂದ ಮನೆಯೆನಿಸುತ್ತದೆ, ಯಾವುದು ಕಾಲಕ್ಕೆ ಹಳತಾಗುವುದಿಲ್ಲ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮಾತಿನಲ್ಲಿ ಉಳಿದ ಚರಿತ್ರೆ

ಕನ್ನಡಿಗರ ಮನೆಗೆ ಪೀಠೋಪಕರಣಗಳು ಹೇಗೆ ಬಂದವು ಎಂಬುದನ್ನು ತಿಳಿಯಲು ನಿಘಂಟು ಸಾಕು. 'ಮಣೆ' ಅಚ್ಚ ಕನ್ನಡದ ಪದ. ಊಟದ ಮಣೆ, ಹಸೆಮಣೆ, ಕಾಲುಮಣೆ, ಈಳಿಗೆಮಣೆ, ತುರಿಮಣೆ, ಶಾವಿಗೆಮಣೆ, ಕೊನೆಗೆ ಮಳೆಗಾಲದ ಮಧ್ಯಾಹ್ನ ಕಳೆಯಲು ಅಳಗುಳಿಮಣೆ. ಹೀಗೆ ಒಂದೇ ಹಲಗೆ ಹತ್ತು ಅವತಾರ ಎತ್ತಿದೆ. 'ಮಂಚ' ಸಂಸ್ಕೃತದಿಂದ ಬಂತು. 'ಕುರ್ಚಿ'ಯ ಮೂಲ ಅರಬ್ಬಿಯ ಕುರ್ಸಿ, 'ಮೇಜು' ಪರ್ಷಿಯನ್ನಿನದು. ಸುಲ್ತಾನರ, ನವಾಬರ ಆಡಳಿತದ ಕಾಲದಲ್ಲಿ ಕಚೇರಿಯ ಬಾಗಿಲಿನಿಂದ ಇವು ಮನೆಯೊಳಕ್ಕೆ ಬಂದವು. 'ಅಲಮಾರು' ಪೋರ್ಚುಗೀಸರ ಕೊಡುಗೆ. 'ಬೀರು' ಯೂರೋಪಿನ ಬ್ಯೂರೋ ಎಂಬ ಮಾತು ನಮ್ಮ ನಾಲಿಗೆಗೆ ಒಗ್ಗಿದ ಬಗೆ. 'ಬೆಂಚು' ಇಂಗ್ಲಿಷ್ ಶಾಲೆಯ ಜೊತೆಗೆ ಬಂತು. 'ಸೋಫಾ' ಕೂಡ ಮೂಲತಃ ಅರಬ್ಬಿಯದೇ, ಯೂರೋಪನ್ನು ಸುತ್ತಿ ನಮ್ಮಲ್ಲಿಗೆ ಬಂದದ್ದು.

ಈ ಪಟ್ಟಿಯಲ್ಲಿ ಒಂದು ಗುಟ್ಟಿದೆ. ನೆಲದ ಮೇಲೆ ಕೂತು ಉಣ್ಣುವ, ಓದುವ, ಹರಟುವ ಬದುಕಿಗೆ ಬೇಕಾದ ವಸ್ತುಗಳ ಹೆಸರೆಲ್ಲ ಒಳಗಿನವು. ನೆಲದಿಂದ ಮೇಲೆ ಎದ್ದು ಕೂರುವ ಬದುಕಿನ ವಸ್ತುಗಳ ಹೆಸರೆಲ್ಲ ಹೊರಗಿನವು. ಹಾಗೆಂದು ಹೊರಗಿನದನ್ನು ಯಾರೂ ತಿರಸ್ಕರಿಸಲಿಲ್ಲ. ಬಂದದ್ದನ್ನು ಬಂದ ಹಾಗೆ, ಒಂದೊಂದಾಗಿ ಮನೆಯೊಳಕ್ಕೆ ಬಿಟ್ಟುಕೊಂಡರು. ಒಂದನ್ನು ಬಿಟ್ಟುಕೊಳ್ಳಲು ಇನ್ನೊಂದನ್ನು ಓಡಿಸಲಿಲ್ಲ.

ಕೆಲಸವಿಲ್ಲದ ವಸ್ತು ಇರಲಿಲ್ಲ

ಈ ಸೀಮೆಯ ಒಂದು ಒಕ್ಕಲುಮನೆಯನ್ನು ನೆನಪಿಸಿಕೊಳ್ಳಬಹುದು. ಹೊರಗೆ ಕಲ್ಲುಚಪ್ಪಡಿಯ ಜಗಲಿ. ಕಲ್ಲಿಗೆ ಇಲ್ಲಿ ಬರವಿಲ್ಲ. ಸಾದಹಳ್ಳಿ, ಕೊಯಿರಾ ಎಂಬ ಹೆಸರುಗಳು ಮನೆ ಕಟ್ಟುವವರಿಗೆಲ್ಲ ಪರಿಚಿತ. ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಒಂದು ಬದಿಗೆ ದನದ ಕೊಟ್ಟಿಗೆ. ಮೇಲೆ ಅಟ್ಟ. ರಾಗಿ ತುಂಬಿಡಲು ನೆಲದೊಳಗೆ ಹಗೇವು, ಮನೆಯೊಳಗೆ ಆಳೆತ್ತರದ ಮಣ್ಣಿನ ವಾಡೆ. ಗೋಡೆಯೊಳಗೇ ಬಿಟ್ಟ ಗೂಡುಗಳು ದೀಪಕ್ಕೆ, ದೇವರಿಗೆ, ಎಲೆಯಡಿಕೆಯ ಚೀಲಕ್ಕೆ. ಗೋಡೆಯ ಗೂಡೇ ಇಂದಿನವರು ಬಡಗಿಯಿಂದ ಮಾಡಿಸುವ ಷೋಕೇಸಿನ ಹಿರಿಯಕ್ಕ.

ಇಲ್ಲಿ ಇದ್ದ ಪ್ರತಿಯೊಂದು ವಸ್ತುವಿಗೂ ಒಂದು ಉದ್ಯೋಗವಿತ್ತು. ಹಿತ್ತಾಳೆ ಕಟ್ಟು ಹಾಕಿದ ಸೇರು, ಪಾವುಗಳು ಅಲಂಕಾರಕ್ಕೆ ಇದ್ದವಲ್ಲ. ನಾಲ್ಕು ಪಾವಿಗೆ ಒಂದು ಸೇರು, ಎರಡು ಅಚ್ಚೇರಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕದಲ್ಲಿ ಕಣದ ರಾಶಿ, ಆಳಿನ ಕೂಲಿ, ನೆರೆಮನೆಯ ಕೈಗಡ ಎಲ್ಲವೂ ನಡೆಯುತ್ತಿತ್ತು. 1956ರ ಅಳತೆ ಮತ್ತು ತೂಕದ ಕಾಯಿದೆಯ ನಂತರ ಕಿಲೋಗ್ರಾಮು, ಲೀಟರುಗಳು ಅಧಿಕೃತವಾದವು. ಆದರೂ ಎಷ್ಟೋ ಅಡುಗೆಮನೆಗಳಲ್ಲಿ ಅಕ್ಕಿ ಅಳೆಯುವುದು ಪಾವಿನಲ್ಲಿಯೇ. ಕಾಯಿದೆಗಿಂತ ಕೈಯಳತೆಗೆ ಆಯುಸ್ಸು ಹೆಚ್ಚು.

ಶ್ಯಾನುಭೋಗರ ಮನೆಯಲ್ಲಿ ಇಳಿಜಾರು ಮುಚ್ಚಳದ ಬರೆಯುವ ಪೆಟ್ಟಿಗೆ ಇರುತ್ತಿತ್ತು. ಒಳಗೆ ಕಾಗದಪತ್ರ, ಮುಚ್ಚಳವೇ ಬರೆಯುವ ಮೇಜು. ಅದರ ಜೊತೆಗೆ ಕಡತ: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಕರಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. 1961ರ ಕಾಯಿದೆ ಪಟೇಲ, ಶ್ಯಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆಯೊಂದಿಗೆ ಪೆಟ್ಟಿಗೆಯ ಕೆಲಸವೂ ಹೋಯಿತು. ಪೆಟ್ಟಿಗೆ ಅಟ್ಟ ಸೇರಿತು. ವಸ್ತುವೊಂದು ಹಳತಾಗುವುದು ಅದಕ್ಕೆ ವಯಸ್ಸಾದಾಗಲ್ಲ, ಕೆಲಸ ತಪ್ಪಿದಾಗ.

ಒಂದೇ ಕಾಲದ ಮನೆ ಎಲ್ಲಿತ್ತು?

ಇಂದು 'ಹಳೆಯ ಕಾಲದ ಮನೆ'ಯ ಹೋಲಿಕೆಯಲ್ಲಿ ಹೊಸ ಮನೆ ಅಲಂಕರಿಸುವವರು ಒಂದು ತಪ್ಪು ಮಾಡುತ್ತಾರೆ. ಎಲ್ಲವೂ ಒಂದೇ ಕಾಲದ್ದಾಗಿರಬೇಕು, ಒಂದೇ ಬಣ್ಣದ್ದಾಗಿರಬೇಕು ಎಂದು ಹಠ ಹಿಡಿಯುತ್ತಾರೆ. ನಿಜವಾದ ಹಳೆಯ ಮನೆ ಎಂದೂ ಹಾಗಿರಲಿಲ್ಲ.

ಮುತ್ತಜ್ಜನ ಕಾಲದ ಹಲಸಿನ ಮರದ ಮಂಚದ ಪಕ್ಕದಲ್ಲಿ, ಅಜ್ಜ ಬೆಂಗಳೂರಿನ ದಂಡಿನಿಂದ ತಂದ ಬೆತ್ತದ ಸೀಟಿನ ಬಾಗುಮರದ ಕುರ್ಚಿ ಇರುತ್ತಿತ್ತು. ಆ ಕುರ್ಚಿಯ ತವರು ವಿಯೆನ್ನಾ. ಬೀಚ್ ಮರದ ಕೋಲುಗಳನ್ನು ಆವಿಯಲ್ಲಿ ಬೇಯಿಸಿ ಬಾಗಿಸುವ ವಿದ್ಯೆಯಿಂದ ಮಿಖಾಯೆಲ್ ಥೋನೆಟ್ 1859ರಲ್ಲಿ ತನ್ನ ಹದಿನಾಲ್ಕನೆಯ ನಮೂನೆಯ ಕುರ್ಚಿಯನ್ನು ಹೊರತಂದ. ಬಿಡಿಭಾಗಗಳಾಗಿ ಕಳಚಿದರೆ ಒಂದು ಘನ ಮೀಟರು ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ಹಡಗಿನಲ್ಲಿ ಜಗತ್ತೆಲ್ಲ ಸುತ್ತಿದ ಆ ಮಾದರಿ, ಅದರ ಅನುಕರಣೆಗಳು ನಮ್ಮ ಕಾಫಿ ಹೋಟೆಲಿಗೂ ವಕೀಲರ ಕಚೇರಿಗೂ ಬಂದು, ಕೊನೆಗೆ ಹಳ್ಳಿಯ ಪಡಸಾಲೆಯಲ್ಲಿ ನೆಲೆ ನಿಂತವು. ಗೋಡೆಯ ಮೇಲೆ ಲಕ್ಷ್ಮಿ, ಸರಸ್ವತಿಯರ ಪಟ: ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯದ ಸಂತಾನ. ಅದರ ಪಕ್ಕಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುವ ಲೋಲಕದ ಗಡಿಯಾರ. ಮಗನಿಗೆ ಸರ್ಕಾರಿ ಕೆಲಸ ಸಿಕ್ಕ ಮೇಲೆ ಉಕ್ಕಿನ ಬೀರು. ಬೀಗ ತಯಾರಿಕೆಯಿಂದ 1897ರಲ್ಲಿ ಆರಂಭವಾದ ಗೋದ್ರೆಜ್ ಸಂಸ್ಥೆ ಉಕ್ಕಿನ ಬೀರುಗಳಿಗೆ ಕೈಹಾಕಿದ್ದು 1923ರಲ್ಲಿ. ಮುಂದೆ ಮದುವೆಯ ಮಾತುಕತೆಯಲ್ಲಿ ಅದರ ಹೆಸರು ಬರುವಷ್ಟು ಅದು ಒಳಗಿನದಾಯಿತು.

ಹೀಗೆ ಒಂದು ಪಡಸಾಲೆಯಲ್ಲಿ ನಾಲ್ಕು ತಲೆಮಾರು, ಮೂರು ಖಂಡಗಳ ವಸ್ತುಗಳು ಜಗಳವಿಲ್ಲದೆ ಇರುತ್ತಿದ್ದವು. ಅವುಗಳನ್ನು ಕೂಡಿಸಿದ್ದು ಶೈಲಿಯಲ್ಲ, ಸಂಬಂಧ. ಇದು ಮದುವೆಯಲ್ಲಿ ಬಂದದ್ದು, ಅದು ಬರಗಾಲದ ಮರುವರ್ಷ ಮಾಡಿಸಿದ್ದು, ಈ ಕುರ್ಚಿ ಮೇಷ್ಟರು ವರ್ಗವಾಗಿ ಹೋಗುವಾಗ ಕೊಟ್ಟು ಹೋದದ್ದು ಎಂದು ಪ್ರತಿಯೊಂದಕ್ಕೂ ಒಂದು ವಾಕ್ಯವಿತ್ತು. ಆ ವಾಕ್ಯ ಅಂಗಡಿಯಲ್ಲಿ ಸಿಗುವುದಿಲ್ಲ.

ಬಾಳಿಕೆಯ ಮರ್ಮ

ವಸ್ತು ಮೂರು ತಲೆಮಾರು ಬದುಕಬೇಕಾದರೆ ನೆನಪು ಮಾತ್ರ ಸಾಲದು, ಮರವೂ ಒಳ್ಳೆಯದಿರಬೇಕು. ಬಯಲುಸೀಮೆಯ ಈ ತಾಲ್ಲೂಕುಗಳಲ್ಲಿ ತೇಗ, ಬೀಟೆ ದುಬಾರಿ. ಹಿತ್ತಲಲ್ಲೇ ಬೆಳೆಯುತ್ತಿದ್ದದ್ದು ಹಲಸು, ಬೇವು, ಮಾವು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಸುತ್ತಿನ ಹಲಸು ಹಣ್ಣಿಗೆ ಹೆಸರುವಾಸಿ. ಹಣ್ಣು ಬಿಟ್ಟು ಬಿಟ್ಟು ಮುದಿಯಾದ ಮರ ಬಡಗಿಯ ಕೈಗೆ ಹೋಗುತ್ತಿತ್ತು. ಹೊಸದಾಗಿ ಕೊಯ್ದಾಗ ಅರಿಶಿನದಂತಿರುವ ಹಲಸಿನ ಹಲಗೆ ವರ್ಷ ಕಳೆದಂತೆ ಕೆಂಪಾಗಿ, ಕಂದಾಗಿ ಗಾಢವಾಗುತ್ತದೆ. ವೀಣೆಗೂ ಇದೇ ಮರ ಬಳಸುತ್ತಾರೆಂಬುದು ಇದರ ಹದಕ್ಕೆ ಸಾಕ್ಷಿ.

ಎರಡನೆಯ ಮರ್ಮ ಕೂಡಿಸುವ ಬಗೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೊಳೆ ಹೊಡೆದರೆ ಈ ಉಸಿರಾಟಕ್ಕೆ ಅಡ್ಡಿಯಾಗಿ ಮರ ಸೀಳುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಹಳೆಯ ಬಡಗಿ ಒಂದು ತುಂಡಿನಲ್ಲಿ ಕುಳಿ ಕೊರೆದು, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ ಅದರೊಳಗೆ ಕೂರಿಸಿ, ಮರದ ಗೂಟ ಬಡಿಯುತ್ತಿದ್ದ. ಕಾಲು ಮುರಿದರೆ ಗೂಟ ತೆಗೆದು ಹೊಸ ಕಾಲು ಕೂರಿಸಬಹುದು. ಇಂದಿನ ಅಗ್ಗದ ಮಂಚ, ಕಪಾಟುಗಳು ಮರದ ಚೂರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆಯವು. ನೆಲ ಒರೆಸುವ ನೀರು ತಗುಲಿದರೆ ಬುಡ ಉಬ್ಬಿ ಪುಡಿಯಾಗುತ್ತದೆ. ತಿರುಪು ಒಮ್ಮೆ ಕಳಚಿಕೊಂಡರೆ ಮತ್ತೆ ಹಿಡಿಯುವುದಿಲ್ಲ. ರಿಪೇರಿಗೆ ಒಗ್ಗುವುದು ಬಾಳುತ್ತದೆ, ಒಗ್ಗದ್ದು ಬೀಳುತ್ತದೆ. ಕಾಲಾತೀತ ಎಂಬ ದೊಡ್ಡ ಮಾತಿನ ಅರ್ಥ ಬಡಗಿಯ ಭಾಷೆಯಲ್ಲಿ ಇಷ್ಟೇ.

ಉಳಿಸಿದವರು

ಹಳೆಯ ಮನೆಗಳು ಉರುಳುವುದನ್ನು ಕಂಡು ಸುಮ್ಮನಿರಲಾರದವರು ನಮ್ಮಲ್ಲಿ ಹಿಂದೆಯೇ ಇದ್ದರು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯ ನೇತೃತ್ವ ವಹಿಸಿ, ಕುಶಲಕರ್ಮಿಗಳ ವಸ್ತುಗಳಿಗೆ ಮತ್ತೆ ಮಾರುಕಟ್ಟೆ ಒದಗಿಸಲು ದುಡಿದರು. ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪಿಸಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮದಿಂದ ಜಯಲಕ್ಷ್ಮೀ ವಿಲಾಸದ ಅರಮನೆಯ ಕೋಣೆಗಳಿಗೆ ರೈತರ ಮನೆಯ ಪಾತ್ರೆ ಪಗಡಗಳು ಬಂದವು.

ಆಡಳಿತಾಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ನಿವೃತ್ತಿಯ ನಂತರ ಊರೂರು ಸುತ್ತಿ ಸಂಗ್ರಹಿಸಿದ ವಸ್ತುಗಳಿಂದ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಅದು 1994ರಲ್ಲಿ ಬಾಗಿಲು ತೆರೆದಾಗ ರಾಮನಗರ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಭಾಗವೇ ಆಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿನ ಲೋಕಮಹಲಿನಲ್ಲಿ ಅಡುಗೆಯ, ಬೇಸಾಯದ, ಅಳತೆಯ ಸಲಕರಣೆಗಳನ್ನು ನೋಡುತ್ತಾ ನಿಲ್ಲುವ ಹಿರಿಯರು, ಇದು ನಮ್ಮ ಮನೆಯಲ್ಲಿಯೂ ಇತ್ತು ಎಂದು ಮೊಮ್ಮಕ್ಕಳಿಗೆ ತೋರಿಸುತ್ತಾರೆ. 'ಇತ್ತು' ಎಂಬ ಆ ಭೂತಕಾಲದಲ್ಲಿ ಸಂತೋಷವೂ ಇದೆ, ಸಣ್ಣ ಅಪರಾಧಭಾವವೂ ಇದೆ.

ಮಣಿಪಾಲದ ವಿಜಯನಾಥ ಶೆಣೈ ಅವರದು ಇನ್ನೂ ವಿಶಿಷ್ಟವಾದ ಕಥೆ. ಬ್ಯಾಂಕಿನ ನೌಕರರಾಗಿದ್ದ ಅವರು ಕೆಡವಿದ ಮನೆಗಳ ಕಂಬ, ಬಾಗಿಲು, ಮಂಚಗಳನ್ನು ಕಟ್ಟಿಗೆಯ ಬೆಲೆಗೆ ಹೋಗದಂತೆ ತಡೆದು ಕೂಡಿಹಾಕಿದರು. ಅವುಗಳಿಂದಲೇ 'ಹಸ್ತಶಿಲ್ಪ' ಎಂಬ ಮನೆ ಕಟ್ಟಿದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದ ಪಾರಂಪರಿಕ ಗ್ರಾಮ ರೂಪುಗೊಂಡಿತು. ಕುಕನೂರಿನ ಕಮಲ ಮಹಲು, ಮುಧೋಳದ ಅರಮನೆಯ ದರ್ಬಾರು, ಕುಂಜೂರಿನ ಚೌಕಿಮನೆ ಅಲ್ಲಿ ನೆರೆಹೊರೆಯಾದವು. ಅವರು 2017ರಲ್ಲಿ ತೀರಿಕೊಂಡರು.

ಇವರೆಲ್ಲರ ಉಪಕಾರ ದೊಡ್ಡದು. ಆದರೆ ಸಂಗ್ರಹಾಲಯಕ್ಕೆ ಒಂದು ಮಿತಿ ಇದೆ. ಅಲ್ಲಿ ವಸ್ತು ಉಳಿಯುತ್ತದೆ, ಅದರ ಕೆಲಸ ಉಳಿಯುವುದಿಲ್ಲ. 'ಮುಟ್ಟಬೇಡಿ' ಎಂಬ ಫಲಕದ ಹಿಂದಿನ ಸೇರಿನಲ್ಲಿ ಯಾರೂ ಅಕ್ಕಿ ಅಳೆಯುವುದಿಲ್ಲ. ಆ ಕೆಲಸ ಮನೆಗಳಿಂದ ಮಾತ್ರ ಸಾಧ್ಯ.

ಹೊಸ ಮನೆಯಲ್ಲಿ ಜಾಗ

ಹಾಗಾದರೆ ಎರಡು ಕೋಣೆಯ ಮನೆಯಲ್ಲಿ ಹಳೆಯದಕ್ಕೆ ಜಾಗ ಎಲ್ಲಿ? ಎಲ್ಲವನ್ನೂ ಇಟ್ಟುಕೊಳ್ಳುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ವಸ್ತುವಿನ ಆಯ್ಕೆಗೆ ಒಂದು ಸರಳ ಪರೀಕ್ಷೆ ಇದೆ: ಅದಕ್ಕೆ ಹೊಸ ಕೆಲಸ ಕೊಡಬಹುದೇ? ಶ್ಯಾನುಭೋಗರ ಪೆಟ್ಟಿಗೆಯಲ್ಲಿ ಮನೆಯ ಪತ್ರ, ಮಕ್ಕಳ ಅಂಕಪಟ್ಟಿ ಇಡಬಹುದು. ಕಾಲುಮಣೆ ಹಾಸಿಗೆಯ ಪಕ್ಕದ ಪುಟ್ಟ ಮೇಜಾಗಬಹುದು. ಪಡಸಾಲೆಯ ಅಗಲ ಮಂಚ ಹಗಲು ಕೂರಲು, ರಾತ್ರಿ ಬಂದ ನೆಂಟರು ಮಲಗಲು ಸಾಕು. ಯಾವ ಸೋಫಾವೂ ಆ ಎರಡೂ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡದು.

ಎತ್ತರದ ಕಡೆ ಗಮನವಿರಬೇಕು. ಹಳೆಯ ವಸ್ತುಗಳು ನೆಲದ ಬದುಕಿಗೆ ಮಾಡಿದವು, ತಗ್ಗು. ಅವುಗಳನ್ನು ಎತ್ತರದ ಸೋಫಾಗಳ ನಡುವೆ ಇಟ್ಟರೆ ಹೆದರಿ ಕೂತ ಮಗುವಿನಂತೆ ಕಾಣುತ್ತವೆ. ತಗ್ಗಿನದನ್ನೆಲ್ಲ ಒಂದು ಕಡೆ ಸೇರಿಸಿ, ಚಾಪೆ ಹಾಸಿದರೆ ಅಲ್ಲೊಂದು ಪಡಸಾಲೆ ಹುಟ್ಟುತ್ತದೆ. ಬೆಳಕಿನ ವಿಚಾರವೂ ಹಾಗೆಯೇ. ತೊಟ್ಟಿಯ ಮನೆಯಲ್ಲಿ ಬೆಳಕು ಮೇಲಿನಿಂದ ಬಂದು ಕೆತ್ತನೆಯ ಮೇಲೆ ಓರೆಯಾಗಿ ಬೀಳುತ್ತಿತ್ತು. ಕಪ್ಪಾದ ಮರದ ವಸ್ತುವನ್ನು ಕಿಟಕಿಗೆ ಎದುರಾಗಿ ಇಡದೆ ಪಕ್ಕಕ್ಕೆ ಇಟ್ಟರೆ ಅದೇ ನೆರಳು ಬೆಳಕು ಮರಳುತ್ತದೆ. ಇನ್ನು ಆಳೆತ್ತರದ ಬಾಗಿಲನ್ನೋ ತೊಟ್ಟಿಯ ಕಂಬವನ್ನೋ ಹತ್ತಡಿ ಎತ್ತರದ ಸೂರಿನಡಿ ತುರುಕುವುದು ಕಂಬಕ್ಕೂ ಕಷ್ಟ, ಮನೆಗೂ ಕಷ್ಟ.

ಊರಿನ ಕಸುಬಿನ ಗುರುತುಗಳೂ ಒಳಗೆ ಬರಬಹುದು. ಹೊಸಕೋಟೆ, ವಿಜಯಪುರದ ರೇಷ್ಮೆ ಬೆಳೆಗಾರರ ಮನೆಯ ಚಂದ್ರಿಕೆಯನ್ನೇ ನೋಡಬಹುದು. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರು ತಟ್ಟಿಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿದ ಈ ನೇಯ್ಗೆ ಹಣ್ಣಾದ ಹುಳು ಗೂಡು ಕಟ್ಟುವ ಜಾಗ. ಪ್ಲಾಸ್ಟಿಕ್ ಚಂದ್ರಿಕೆಗಳು ಬಂದ ಮೇಲೆ ಬಿದಿರಿನವು ಬಚ್ಚಲ ಒಲೆಗೆ ಹೋಗತೊಡಗಿದವು. ಗೋಡೆಗೆ ತೂಗುಹಾಕಿದರೆ ಯಾವ ಚಿತ್ರಪಟಕ್ಕೂ ಕಡಿಮೆಯಿಲ್ಲ. ಆದರೆ ಅದು ಹುಳು ಸಾಕಿದ ಮನೆಯ ಗೋಡೆಯ ಮೇಲಿದ್ದರೆ ಅದರ ತೂಕವೇ ಬೇರೆ. ಆ ಮನೆಯ ಸಾಲ ತೀರಿಸಿದ್ದು, ಮಕ್ಕಳ ಶುಲ್ಕ ಕಟ್ಟಿದ್ದು ಅದು.

ಎಲ್ಲವೂ ವರ್ಷವಿಡೀ ಕಣ್ಣೆದುರಿಗೆ ಇರಬೇಕೆಂದೂ ಇಲ್ಲ. ದಸರೆಯ ಬೊಂಬೆಗಳ ಪದ್ಧತಿ ಕಲಿಸುವುದು ಇದನ್ನೇ. ತಾಯಿ ಮಗಳಿಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಬೊಂಬೆಗಳು ವರ್ಷದ ಉಳಿದ ದಿನ ಹಳೆಯ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ನಿದ್ರಿಸುತ್ತವೆ. ನವರಾತ್ರಿಗೆ ಎದ್ದು ಬಂದು, ಚನ್ನಪಟ್ಟಣದ ಅರಗಿನ ಬೊಂಬೆಗಳ ಜೊತೆ, ಕಳೆದ ವರ್ಷ ಜಾತ್ರೆಯಲ್ಲಿ ಕೊಂಡ ಮಣ್ಣಿನ ಶೆಟ್ಟಿಯ ಜೊತೆ ಮೆಟ್ಟಿಲೇರುತ್ತವೆ. ವರ್ಷಕ್ಕೊಂದು ಹೊಸದು ಸೇರುತ್ತದೆ, ಹಳೆಯದು ಮೇಲಿನ ಸಾಲಿನಲ್ಲಿಯೇ ಇರುತ್ತದೆ. ಮನೆ ತುಂಬಿಸುವ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಎಚ್ಚರದ ಮಾತು

ಅಂಗಡಿಯಿಂದ ಹಳೆಯ ವಸ್ತು ಕೊಳ್ಳುವವರು ನೆನಪಿಡಬೇಕಾದ ಕಾನೂನೊಂದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚ್ಯವಸ್ತುವಾಗುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ವಿಗ್ರಹ, ವರ್ಣಚಿತ್ರದಂಥ ಕೆಲವು ಬಗೆಯವನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ದೇವಸ್ಥಾನದ ಕಲ್ಲು, ಊರಿನ ವೀರಗಲ್ಲು ಯಾರ ಮನೆಯ ಅಲಂಕಾರವೂ ಅಲ್ಲ. ಅವು ಇದ್ದಲ್ಲೇ ಇರಬೇಕು.

ಶುಚಿ ಮಾಡುವಾಗಲೂ ಉತ್ಸಾಹ ಮಿತಿಯಲ್ಲಿರಲಿ. ನೂರು ವರ್ಷದ ಕೈಸವೆತದಿಂದ ಬಂದ ಹೊಳಪನ್ನು ಉಜ್ಜುಕಾಗದ ಅರ್ಧ ಗಂಟೆಯಲ್ಲಿ ತೆಗೆದುಹಾಕುತ್ತದೆ. ಮರಕ್ಕೆ ಒಣ ಬಟ್ಟೆ, ಆಗಾಗ ತೆಳುವಾಗಿ ಅಗಸೆ ಎಣ್ಣೆ ಸಾಕು. ಹೊಳಪು ಬೇಕೇ ಬೇಕೆಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಇದೆ. ಪಾಲಿಷ್ ಮಾಡುವವರು ಬಳಸುವುದೂ ಅದನ್ನೇ. ಗೆದ್ದಲಿನ ಭಯವಿದ್ದರೆ ಕಾಲುಗಳು ಹಸಿ ಗೋಡೆಗೆ, ಮಣ್ಣಿಗೆ ತಾಗದಂತೆ ನೋಡಿಕೊಳ್ಳುವುದೇ ಮೊದಲ ಮದ್ದು. ಊಟ, ಅಡುಗೆಗೆ ಬಳಸುವ ತಾಮ್ರ ಹಿತ್ತಾಳೆಯ ಪಾತ್ರೆಗೆ ಕಲಾಯಿ ತಪ್ಪಬಾರದು.

ಎಲ್ಲಕ್ಕಿಂತ ಮುಖ್ಯ, ವಸ್ತುವಿನ ವಾಕ್ಯವನ್ನು ಉಳಿಸಿಕೊಳ್ಳುವುದು. ಯಾರು ಮಾಡಿಸಿದ್ದು, ಯಾವ ಮರ, ಯಾವ ವರ್ಷ, ಯಾವ ಸಂದರ್ಭ ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರೆ ಸಾಕು. ಹೇಳುವವರು ಹೋದ ಮೇಲೆ ವಸ್ತು ಮೂಕವಾಗುತ್ತದೆ. ಮೂಕವಾದ ವಸ್ತುವನ್ನು ಗುಜರಿಯವನಿಗೆ ಕೊಡಲು ಯಾರಿಗೂ ಕೈ ನಡುಗುವುದಿಲ್ಲ.

ಮನೆ ಕೆಡವುವ ದಿನ ತಕ್ಕಡಿ ಬರುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ. ಹತ್ತು ವಸ್ತುಗಳಲ್ಲಿ ಎರಡನ್ನು ಕೆಳಗಿಳಿಸಿದರೂ ಸಾಕು. ಹೊಸ ಅಡುಗೆಮನೆಯ ಕಲ್ಲುಕಟ್ಟೆಯ ಮೇಲೆ, ಮಿಕ್ಸಿಯ ಪಕ್ಕದಲ್ಲಿ, ಹಿತ್ತಾಳೆ ಕಟ್ಟಿನ ಆ ಸೇರು ಕೂತಿರಲಿ. ಬೆಳಗ್ಗೆ ಅದರಲ್ಲೇ ಅಕ್ಕಿ ಅಳೆಯಲಿ. ಆಗ ಅದು ಹಳೆಯ ವಸ್ತುವಲ್ಲ, ಮನೆಯ ವಸ್ತು.